ಮಗುಚಿದ ಮೂರು ಮೀಟರ್

ಜನವರಿ 6, ಸೋಮವಾರ

ಕಾಲೇಜಿಗೆ ಹೋಗಿ ಬಂದೆ. ಮಾರ್ಚ್ ಹದಿನಾಲ್ಕರವರೆಗೆ ಹೋಗಬೇಕು. ಅರವತ್ತೇಳು ದಿನ.

ಭೂವಿಜ್ಞಾನ ಹೇಳಿಕೊಡುವ ಮೇಡಂ ಹೆರಿಗೆ ರಜೆಯಲ್ಲಿದ್ದಾರೆ. ಆ ಜಾಗಕ್ಕೆ ಬೇರೆ ಯಾರೂ ಸಿಗದ ಕಾರಣ ನಾನು. ಇಪ್ಪತ್ತೊಂಬತ್ತು ವರ್ಷ ನಾನು ಮಾಡಿದ್ದು ಒಂದೇ ಕೆಲಸ: ಯಂತ್ರದಿಂದ ನೆಲ ಕೊರೆದು ತೆಗೆದ ಕಲ್ಲಿನ ಕೋಲುಗಳನ್ನು ಉಗ್ರಾಣದಲ್ಲಿ ಮುಂದಿಟ್ಟುಕೊಂಡು, ಯಾವ ಪದರ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಪಟ್ಟಿ ಬರೆಯುವುದು. ಕಲ್ಲು ಮರುಪ್ರಶ್ನೆ ಹಾಕುವುದಿಲ್ಲ. ಆ ಒಂದು ಗುಣಕ್ಕೇ ಅಷ್ಟು ವರ್ಷ ಅಲ್ಲಿ ಉಳಿದೆನೋ ಏನೋ. ಕಳೆದ ವರ್ಷ ಉಗ್ರಾಣ ಮುಚ್ಚಿದರು. ಐವತ್ತಮೂರಕ್ಕೆ ಮನೆಯಲ್ಲಿ ಕೂತೆ.

ಮನೆಯಲ್ಲಿ ಈಗ ನಾನು ಮತ್ತು ಮಾವ, ಇಬ್ಬರೇ. ಹೆಂಡತಿ ನರ್ಸುಗಳಿಗೆ ತರಬೇತಿ ಕೊಡಲು ಆರು ತಿಂಗಳ ಮಟ್ಟಿಗೆ ಬೇರೆ ಊರಿಗೆ ಹೋಗಿದ್ದಾಳೆ. ಅವಳೂ ಬರುವುದು ಮಾರ್ಚ್ ಹದಿನಾಲ್ಕಕ್ಕೇ. ಅವಳ ಅಪ್ಪನಿಗೆ ಎಪ್ಪತ್ತೆಂಟು. ಟೈಲರ್. ಅಂಗಡಿ ಬಿಟ್ಟಿದ್ದಾರೆ, ಹೊಲಿಗೆ ಬಿಟ್ಟಿಲ್ಲ. ಬೆಳಗ್ಗೆ ಏಳಕ್ಕೆ ಮುಂದಿನ ಕೋಣೆಯಲ್ಲಿ ಮಷೀನು ಶುರುವಾಗುತ್ತದೆ. ನನ್ನ ತಲೆಯ ಮೇಲೇ ಹೊಲಿಗೆ ಹಾಕುತ್ತಿದ್ದಾರೆ ಅನ್ನಿಸುತ್ತದೆ.

ಪ್ರಿನ್ಸಿಪಾಲ್ ಮೇಡಂ ಕುರ್ಚಿ ತೋರಿಸುವ ಮೊದಲೇ ಹೇಳಿದರು: "ನೋಡಿ ಸಾರ್, ಈ ವಿಷಯಕ್ಕೆ ಇದೇ ಕಡೇ ವರ್ಷ ಆಗಬಹುದು. ಇರೋರೇ ಹನ್ನೊಂದು ಜನ. ಅದರಲ್ಲಿ ಎಂಟು ಜನ ಪಾಸಾದರೆ ಉಳಿಯುತ್ತೆ. ಇಲ್ಲ ಅಂದ್ರೆ ನಿಮ್ಮ ಕೋಣೆ ಝೆರಾಕ್ಸ್ ಕೋಣೆ."

ನನ್ನ ಕೋಣೆಯಂತೆ. ನೋಡಿಯೇ ಇರಲಿಲ್ಲ.

ಆಮೇಲೆ ನೋಡಿದೆ. ಮೆಟ್ಟಿಲ ಕೆಳಗಿನ ಕೋಣೆ. ತೊಟ್ಟಿಕ್ಕುವ ನಲ್ಲಿ, ಕಲ್ಲು ತುಂಬಿದ ಎರಡು ಬೀರು, ನಡುವೆ ಮೇಜಿನ ಮೇಲೆ ಉದ್ದನೆಯ ಮರದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಮೂರು ಸಾಲು, ಸಾಲಿಗೊಂದು ಮೀಟರ್ ಕಲ್ಲಿನ ಕೋಲು, ತುದಿಗಳಲ್ಲಿ 'ಮೇಲೆ', 'ಕೆಳಗೆ' ಎಂಬ ಗುರುತು. ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ, ಅದರ ಪದರಪಟ್ಟಿ. ಅಕ್ಷರ ಪರಿಚಯದ್ದು ಅನ್ನಿಸಿ ಹತ್ತಿರ ಹೋದೆ. ಇಪ್ಪತ್ತೇಳು ವರ್ಷದ ಹಿಂದಿನ ನನ್ನದೇ ಸಹಿ. ಈಗಿನದಕ್ಕಿಂತ ದೊಡ್ಡದಾಗಿ ಹಾಕುತ್ತಿದ್ದೆ.

ಯಾರಿಗೂ ಹೇಳಲಿಲ್ಲ.

ಜನವರಿ 9, ಗುರುವಾರ

ಅರವತ್ತನಾಲ್ಕು.

ಏಳು ಹುಡುಗಿಯರು, ನಾಲ್ವರು ಹುಡುಗರು. ಬೋರ್ಡಿನ ಮೇಲೆ ಐದು ಪದರ ಬರೆದೆ. ಕೆಳಗಿನದು ಮೊದಲು ಬಿದ್ದದ್ದು, ಮೇಲಿನದು ಆಮೇಲೆ ಬಿದ್ದದ್ದು. ಪದರಗಳನ್ನು ಏನಾದರೂ ಕತ್ತರಿಸಿ ಹಾದುಹೋಗಿದ್ದರೆ ಅದು ಪದರಗಳಿಗಿಂತ ಈಚಿನದು. ಒಂದು ಕಲ್ಲಿನ ಒಳಗೆ ಇನ್ನೊಂದರ ಚೂರು ಸಿಕ್ಕಿದರೆ ಚೂರು ಹಳೆಯದು. ಇಡೀ ಶಾಸ್ತ್ರ ಇಷ್ಟೇ. ಹತ್ತು ನಿಮಿಷದಲ್ಲಿ ಮುಗಿಯಿತು. ಇನ್ನು ಮೂವತ್ತೈದು ನಿಮಿಷ ಏನು ಮಾಡುವುದೆಂದು ತಿಳಿಯದೆ ಅದನ್ನೇ ಇನ್ನೊಮ್ಮೆ ನಿಧಾನವಾಗಿ ಹೇಳಿದೆ.

ಹಿಂದಿನ ಬೆಂಚಿನ ಹುಡುಗ: "ಎಷ್ಟನೇ ಪುಟ ಸಾರ್?"

ಪುಟ ಇಲ್ಲ, ನಾನು ಹೇಳುತ್ತಿದ್ದೇನೆ ಎಂದೆ. ಪೆನ್ನು ಕೆಳಗಿಟ್ಟ.

ಮುಂದಿನ ಬೆಂಚಿನ ಹುಡುಗಿ: "ಆದ್ರೆ ಸಾರ್, ಮೇಲಿರೋದೆಲ್ಲ ಹೊಸದೇ ಅಂತ ಹೇಗೆ ಹೇಳ್ತೀರಿ? ಯಾರಾದ್ರೂ ಮಗುಚಿ ಹಾಕಿದ್ರೆ?"

ಬೆಟ್ಟವನ್ನು ಯಾರೂ ಮಗುಚಿ ಹಾಕುವುದಿಲ್ಲ ಎಂದೆ. ತಪ್ಪು ಉತ್ತರ. ಭೂಮಿಯ ಒತ್ತಡಕ್ಕೆ ಬೆಟ್ಟಗಳೇ ಮಡಿಚಿ ತಲೆಕೆಳಗಾಗುತ್ತವೆ. ಅದು ನನಗೆ ಗೊತ್ತು. ಆದರೆ ಗಂಟೆ ಹೊಡೆಯಲು ಎರಡೇ ನಿಮಿಷ ಇತ್ತು.

ಜನವರಿ 15, ಬುಧವಾರ

ಐವತ್ತೆಂಟು. ನೋಟ್ಸ್ ಬರೆಸಿದೆ.

ಜನವರಿ 25, ಶನಿವಾರ

ಊಟದ ಮೇಜಿನ ಮೇಲೆ ಸೋಮವಾರದ ಪಾಠಕ್ಕೆ ಚಿತ್ರ ಬರೆಯುತ್ತಿದ್ದೆ. ಏಳು ಪದರ, ಒಂದು ಬಿರುಕು, ಕೆಳಗಿನ ಆರನ್ನೂ ಸೀಳಿಕೊಂಡು ಮೇಲೆ ಬಂದ ಕರಿಕಲ್ಲಿನ ಗೋಡೆ. ಮಾವ ಚಹಾ ತಂದಿಟ್ಟು, ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು.

"ಏನಿದು ಅಳಿಯಂದ್ರೇ, ತೇಪೆ ಹಾಕಿದ ಕಂಬಳಿ?"

ಭೂಮಿ, ಎಂದೆ.

"ಯಾವುದಾದ್ರೇನು. ಈ ಕರಿ ಗೆರೆ ಎಲ್ಲದರ ಮೇಲೂ ಹಾದಿದೆ, ಅಂದ್ರೆ ಕಡೇಲಿ ಹಾಕಿದ್ದು. ಈ ಮೇಲಿನ ಪಟ್ಟಿಯನ್ನ ಮಾತ್ರ ಅದು ಮುಟ್ಟಿಲ್ಲ. ಹಾಗಾದ್ರೆ ಗೆರೆ ಆದಮೇಲೆ ಈ ಪಟ್ಟಿ ಜೋಡಿಸಿದ್ದಾರೆ. ಸರಿ ತಾನೆ?"

ಸರಿಯಾಗಿತ್ತು. ನನ್ನ ಹನ್ನೊಂದು ಜನರಲ್ಲಿ ಒಬ್ಬರೂ ಇದನ್ನು ಹೇಳಿಲ್ಲ.

ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಅರವತ್ತು ವರ್ಷ ಬೇರೆಯವರು ಕೆಡಿಸಿದ ಬಟ್ಟೆ ಬಿಚ್ಚಿದ್ದೀನಿ. ಯಾವ ಹೊಲಿಗೆ ಮೊದಲು, ಯಾವುದು ಆಮೇಲೆ ಅಂತ ಗೊತ್ತಿಲ್ಲದೆ ಕತ್ತರಿ ಹಾಕಿದ್ರೆ ತೋಳು ಕೈಗೆ ಬರುತ್ತೆ."

ಬೀರುವಿನಿಂದ ನನ್ನ ಹಳೆಯ ಬೂದು ಕೋಟು ತಂದು ಮೇಜಿನ ಮೇಲೆ ಹಾಸಿದರು. ಮದುವೆಗೆ ಮುಂಚಿನದು. ಇನ್ನೂ ಇದೆ ಎಂದೇ ನನಗೆ ಗೊತ್ತಿರಲಿಲ್ಲ.

"ಇದನ್ನ ತಗೊಂಡು ಹೋಗಿ. ಬೇಡ, ನಾನೇ ಬರ್ತೀನಿ. ನೀವು ಮಡಿಚೋ ಥರ ಮಡಿಚಿದ್ರೆ ಕೋಟು ಕೋಟಾಗಿ ಉಳಿಯಲ್ಲ."

ಜನವರಿ 28, ಮಂಗಳವಾರ

ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕುತ್ತಿಗೆಗೆ ಟೇಪು ನೇತುಹಾಕಿಕೊಂಡು ಬಂದರು. ಟೇಪು ಯಾಕೆ ಎಂದರೆ, "ಇಲ್ಲದಿದ್ರೆ ಮೈಮೇಲೆ ಬಟ್ಟೆ ಇಲ್ಲದ ಹಾಗಾಗುತ್ತೆ" ಎಂದರು.

ಕೋಟನ್ನು ಮೇಜಿನ ಮೇಲೆ ಹರಡಿ ಒಂದೇ ಪ್ರಶ್ನೆ ಕೇಳಿದೆ: ಈ ಕೋಟಿನ ಮೇಲೆ ಏನೇನು ನಡೆಯಿತು? ಯಾವುದು ಮೊದಲು, ಯಾವುದು ಆಮೇಲೆ? ಮುಟ್ಟಿ ನೋಡಿ ಹೇಳಿ.

ಹನ್ನೊಂದು ತಲೆ ಒಂದೇ ಕೋಟಿನ ಮೇಲೆ ಬಗ್ಗಿದವು. ನಾನು ಗೋಡೆಗೆ ಒರಗಿ ನಿಂತೆ. ಮೊಣಕೈ ತೇಪೆ ಕೋಟಿಗಿಂತ ಈಚಿನದು, ಸರಿ. ಇಸ್ತ್ರಿ ಪೆಟ್ಟಿಗೆಯ ಸುಟ್ಟ ತೂತು ತೇಪೆಯನ್ನೂ ತೂರಿಕೊಂಡು ಹೋಗಿದೆ, ಆದ್ದರಿಂದ ಸುಟ್ಟದ್ದು ತೇಪೆಯ ನಂತರ. ಆಮೇಲೆ 'ಆದ್ರೆ' (ಮುಂದಿನ ಬೆಂಚಿನ ಹುಡುಗಿಯನ್ನು ಈಗ ಎಲ್ಲರೂ ಕರೆಯುವ ಹೆಸರು ಅದೇ) ಕೋಟನ್ನು ತನ್ನ ಎದೆಗೆ ಹಿಡಿದುಕೊಂಡು ಹುಬ್ಬು ಗಂಟಿಕ್ಕಿದಳು.

"ಆದ್ರೆ ತಾತ, ಎದೆ ಜೇಬು ಎಡಗಡೆ ಇರಬೇಕಲ್ವಾ? ಇದರಲ್ಲಿ ಬಲಗಡೆ ಇದೆ."

ಮಾವನ ಮುಖ ನೋಡಬೇಕಿತ್ತು. ಮದುವೆಯ ದಿನ ಮಗಳನ್ನು ನೋಡಿದಾಗಲೂ ಅಷ್ಟು ಹಿಗ್ಗಿರಲಿಲ್ಲ.

"ಶಭಾಷ್! ಇದು ಮಗುಚಿದ ಕೋಟು ಕಣಮ್ಮ. ಹೊರಮೈ ಸವೆದಾಗ ಪೂರ್ತಿ ಹೊಲಿಗೆ ಬಿಚ್ಚಿ, ಒಳಮೈಯನ್ನ ಹೊರಗೆ ಮಾಡಿ ಮತ್ತೆ ಹೊಲಿಯೋದು. ನೋಡಿದ್ರೆ ಹೊಸ ಕೋಟೇ. ಜೇಬು ಮಾತ್ರ ಕಡೆ ಬದಲಾಯಿಸಿಬಿಡುತ್ತೆ. ಗುಂಡಿಯ ಕಾಜಾನೂ ಅಷ್ಟೇ. ಅದನ್ನ ಯಾವ ಟೈಲರೂ ಬಚ್ಚಿಡಕ್ಕಾಗಲ್ಲ."

ಪದರಗಳಿಗೂ ಹೀಗೆ ಜೇಬುಗಳಿರುತ್ತವೆ, ಎಂದೆ ನಾನು. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು. ಕೆಸರು ಒಣಗಿ ಬಿರಿದರೆ ಬಿರುಕಿನ ಬಾಯಿ ಮೇಲೆ ಅಗಲ, ಕೆಳಗೆ ಚೂಪು. ಪದರ ತಲೆಕೆಳಗಾಗಿದ್ದರೆ ಚೂಪು ಮೇಲಾಗಿರುತ್ತದೆ. ಮೊನ್ನೆ ತಪ್ಪು ಹೇಳಿದ್ದೆ, ಬೆಟ್ಟಗಳೂ ಮಗುಚುತ್ತವೆ ಎಂದೆ. ಪುಟದ ಹುಡುಗ ಕೂಡ ಬರೆದುಕೊಂಡ.

ಮಾವ ಎಲ್ಲವನ್ನೂ ಕ್ರಮವಾಗಿ ಹೇಳುತ್ತ, ಕೋಟಿನ ಒಳಬಟ್ಟೆ, ಅಂದರೆ ಹೊಸ ಅಸ್ತರಿ, ಹಾಕಿದ್ದು ಸುಡುವುದಕ್ಕೆ ಮುಂಚೆ ಎಂದರು.

"ಆದ್ರೆ ತಾತ, ಅಸ್ತರಿ ಸುಟ್ಟೇ ಇಲ್ಲ."

ಮಾವ ಕನ್ನಡಕ ಇಳಿಸಿ ನೋಡಿದರು. "ಹೌದಲ್ಲ! ಹಾಗಾದ್ರೆ ಸುಟ್ಟಮೇಲೆ ಹಾಕಿದ್ದು. ಬಟ್ಟೆ ಸರಿಯಾಗಿದೆ, ನನ್ನ ತಲೆ ಸುಟ್ಟಿದೆ." ಎಲ್ಲರಿಗಿಂತ ಜೋರಾಗಿ ಅವರೇ ನಕ್ಕರು.

ಅಸ್ತರಿಯ ಅಂಚು ಬಿಚ್ಚಿ ತೋಳಿನ ಒಳಭಾಗ ತೋರಿಸಿದಾಗ, ಹೊಲಿಗೆಯ ಸಂದಿನಲ್ಲಿ ಒಂದು ಕೆಂಪು ಕಲೆ. ಇದೇನು ಎಂದು ಮಕ್ಕಳು ಮಾವನನ್ನು ಕೇಳಿದರು. "ನಿಮ್ಮ ಸಾರನ್ನ ಕೇಳಿ, ಕೋಟು ಅವರದ್ದು." ನನಗೆ ನೆನಪಿರಲಿಲ್ಲ.

ಗಂಟೆ ಹೊಡೆದದ್ದು ಕೇಳಿಸಲಿಲ್ಲ. ಮುಂದಿನ ತರಗತಿಯವರು ಬಾಗಿಲಲ್ಲಿ ನಿಂತಿದ್ದರು.

ಫೆಬ್ರುವರಿ 4, ಮಂಗಳವಾರ

ಪ್ರಿನ್ಸಿಪಾಲರು ಕರೆಸಿದರು. "ಸಾರ್, ನಿಮ್ಮ ಮಕ್ಕಳು ನನ್ನ ಕೋಣೆಯ ಗೋಡೆ ಕೆರೆದಿದ್ದಾರೆ."

ಹೋಗಿ ನೋಡಿದೆ. ಸ್ವಿಚ್ಚಿನ ಪಕ್ಕ ಉಗುರಗಲದ ಜಾಗ. ಒಳಗಿನಿಂದ ಹಸಿರು, ಕೆನೆ, ಗುಲಾಬಿ, ಮತ್ತೆ ಕೆನೆ. ಕೆಳಗೆ ಪೆನ್ಸಿಲಿನಲ್ಲಿ: 'ಮೊದಲ ಕೆನೆಯ ಮೇಲೆ ಕೊಳೆ ಇದೆ. ಗುಲಾಬಿ ಬಳಿಯುವ ಮುಂಚೆ ಬಹಳ ವರ್ಷ ಖಾಲಿ ಬಿಟ್ಟಿದ್ದರು.'

"ಆದರೆ ನಿಜ," ಎಂದರು ಪ್ರಿನ್ಸಿಪಾಲರು. "ಮಧ್ಯೆ ಆರು ವರ್ಷ ಇದು ಮುರಿದ ಬೆಂಚು ಹಾಕೋ ಕೋಣೆ ಆಗಿತ್ತು. ಯಾರು ಹೇಳಿದ್ರು ಅವರಿಗೆ?"

ಗೋಡೆ, ಎಂದೆ. ಅವರು ನಗು ತಡೆದುಕೊಂಡು, ಇನ್ನು ಕೆರೆಯಬಾರದು ಎಂದರು. ಮಕ್ಕಳಿಗೆ ಗದರಿಸಿದೆ. ಸರಿಯಾಗಿ ಗದರಿಸಲು ಬರಲಿಲ್ಲ.

ಇವತ್ತು ಮಾವನ ಮಷೀನು ಕೆಟ್ಟಿತ್ತು. ಬೆಳಗ್ಗೆ ಏಳೂವರೆಯವರೆಗೆ ಎಚ್ಚರವಾಗಲೇ ಇಲ್ಲ, ಓಡಬೇಕಾಯಿತು.

ಫೆಬ್ರುವರಿ 12, ಬುಧವಾರ

ಪ್ರಾಯೋಗಿಕ ಪರೀಕ್ಷೆಯ ಅರ್ಧ ಅಂಕ ಆ ಪೆಟ್ಟಿಗೆಯ ಕಲ್ಲಿನ ಕೋಲಿಗೆ. ಪ್ರತಿ ವರ್ಷ ಅದೇ. ಅದನ್ನು ನೋಡಿ ಯಾವ ಘಟನೆ ಮೊದಲು, ಯಾವುದು ಆಮೇಲೆ ಎಂದು ಬರೆದು, ಪರೀಕ್ಷಕರ ಮುಂದೆ ಬಾಯಲ್ಲೂ ಹೇಳಬೇಕು. ಹೊರಗಿನಿಂದ ಬರುವ ಪರೀಕ್ಷಕರು ಪಠ್ಯಪುಸ್ತಕ ಬರೆದ ಪ್ರೊಫೆಸರರೇ. ಅವರ ಪುಸ್ತಕದ ನಲವತ್ತೊಂದನೇ ಪುಟದಲ್ಲಿ ನನ್ನ ಪದರಪಟ್ಟಿ ಅಚ್ಚಾಗಿದೆ: ಕೆಳಗೆ ಬಿಳಿ ಮರಳುಗಲ್ಲು, ಮೇಲೆ ಕೆಂಪು ಕೆಸರುಕಲ್ಲು. ನದಿ ಹರಿಯಿತು, ಮರಳು ತಂದಿತು, ಸೊರಗಿತು, ಕೆಸರಾಯಿತು, ಒಣಗಿ ಬಿರಿಯಿತು. 'ಹೀಗೆ ಇಲ್ಲಿ ಒಂದು ನದಿ ಬತ್ತಿತು' ಎಂದು ಮುಗಿಯುತ್ತದೆ ಆ ಪುಟ.

ಪಟ್ಟಿಗೆ ಬಟ್ಟೆ ಮುಚ್ಚಿ, ಕಲ್ಲನ್ನು ನೀರಿನಿಂದ ಒದ್ದೆ ಮಾಡಿ, ನೀವೇ ಓದಿ ಎಂದೆ. ಒದ್ದೆಯಾದರೆ ಕಲ್ಲಿನ ಬಣ್ಣ ಏಳುತ್ತದೆ.

ಹತ್ತು ನಿಮಿಷಕ್ಕೆ ಗುಸುಗುಸು ಶುರುವಾಯಿತು. ಕಡೆಗೆ ಎಲ್ಲರೂ 'ಆದ್ರೆ'ಯ ಕಡೆ ನೋಡಿದರು.

"ಆದ್ರೆ ಸಾರ್, ಕೆಂಪು ಕಲ್ಲಿನ ಬಿರುಕಿನ ಬಾಯಿ ಕೆಳಗಿದೆ. ಒಳಗೆ ಬಿಳಿ ಮರಳು ತುಂಬಿದೆ. ಮರಳು ಕೆಳಗಿಂದ ಮೇಲಕ್ಕೆ ಬೀಳುತ್ತಾ?"

ಅವಳು ಬೆರಳನ್ನು ಮರಳುಗಲ್ಲಿನ ಕಡೆ ಸರಿಸಿದಳು.

"ಇನ್ನೊಂದು. ಮರಳುಗಲ್ಲಿನ ಒಳಗೆ ಕೆಂಪು ಚೂರುಗಳಿವೆ. ಮರಳು ಬಿದ್ದಾಗ ಕೆಂಪು ಕೆಸರು ಇನ್ನೂ ಹುಟ್ಟೇ ಇರಲಿಲ್ಲ ಅಂದ್ರೆ ಅದರ ಚೂರು ಎಲ್ಲಿಂದ ಬಂತು? ಇದು ಮಗುಚಿದ ಕೋಟು ಸಾರ್."

ಬಗ್ಗಿ ನೋಡಿದೆ. ಬರಿಗಣ್ಣಿಗೇ ಕಾಣುತ್ತಿತ್ತು. ಬೆಟ್ಟ ಮಗುಚಿದ್ದಲ್ಲ, ಈ ಕೋಲು ತೆಗೆದ ಕೊಳವೆಬಾವಿಯ ಮೇಲಿನ, ಕೆಳಗಿನ ಕಲ್ಲುಗಳನ್ನೆಲ್ಲ ನಾನೇ ಓದಿದ್ದೆ, ಎಲ್ಲವೂ ನೆಟ್ಟಗಿದ್ದವು. ಈ ಮೂರು ಮೀಟರ್ ಮಾತ್ರ ಪೆಟ್ಟಿಗೆಯೊಳಗೆ ತಲೆಕೆಳಗಾಗಿತ್ತು. ಯಾರೋ ಹಾಗೆ ಇಟ್ಟಿದ್ದರು.

ನೋಡೋಣ, ಎಂದೆ. ಬಟ್ಟೆ ತೆಗೆದೆ. ಅವರು ಪಟ್ಟಿ ಓದಿದರು, ಸಹಿ ಓದಿದರು, ನನ್ನನ್ನು ನೋಡಿದರು.

ಫೆಬ್ರುವರಿ 13, ಗುರುವಾರ

ಪರೀಕ್ಷೆಯಲ್ಲಿ ಪುಸ್ತಕದಲ್ಲಿರುವ ಹಾಗೇ ಬರೆಯಿರಿ ಎಂದು ಹೇಳಿದೆ. ಪರೀಕ್ಷಕರು ಪುಸ್ತಕ ಬರೆದವರು. ಎಂಟು ಜನ ಪಾಸಾಗಬೇಕು. ಇದು ವ್ಯವಹಾರ.

ಎಲ್ಲರೂ ನೋಟ್‌ಬುಕ್ ಮುಚ್ಚಿದರು. ಪುಟದ ಹುಡುಗ ಮಾತ್ರ, "ನಲವತ್ತೊಂದು ತಾನೆ ಸಾರ್?" ಎಂದ.

ಫೆಬ್ರುವರಿ 14, ಶುಕ್ರವಾರ

ಪಾಠ ಮಾಡಿದೆ. ಒಂದು ಪ್ರಶ್ನೆಯೂ ಬರಲಿಲ್ಲ. ಮೂವತ್ತೈದು ನಿಮಿಷ ಉಳಿಯಿತು.

ಫೆಬ್ರುವರಿ 16, ಭಾನುವಾರ

ಊಟ ಸೇರುತ್ತಿಲ್ಲ ಎಂದು ಮಾವ ಕಾರಣ ಕೇಳಿದರು. ಹೇಳಿದೆ. ಪಟ್ಟಿಯ ಮೇಲಿನ ತಾರೀಖನ್ನೂ ಹೇಳಿದೆ. ಅವರು ಒಂದು ಕ್ಷಣ ಚಾವಣಿ ನೋಡಿ, ಎದ್ದು ಹೋಗಿ, ಹಗ್ಗ ಕಟ್ಟಿದ ಅಳತೆ ಪುಸ್ತಕಗಳ ಕಟ್ಟು ತಂದರು. ಯಾರ ಎದೆ ಎಷ್ಟು, ತೋಳು ಎಷ್ಟು ಎಂದು ಅರವತ್ತು ವರ್ಷ ಬರೆದಿಟ್ಟದ್ದು. ಬೆರಳು ಒದ್ದೆ ಮಾಡಿಕೊಂಡು ಪುಟ ಹುಡುಕಿ ನನ್ನ ಮುಂದೆ ಹಿಡಿದರು.

ಅದೇ ತಾರೀಖು. 'ಕಲ್ಲಿನ ಆಫೀಸಿನ ಹುಡುಗ. ಎದೆ ಮೂವತ್ತಾರು. ಕೋಟು ಮಗುಚಬೇಕು. ಬಲ ತೋಳಿಗೆ ಕೆಂಪು ಮಣ್ಣು.'

"ಅವತ್ತು ಮೊದಲನೇ ಸಲ ನನ್ನ ನೋಡೋಕೆ ಬಂದ್ರಿ, ಮಗಳನ್ನ ಕೊಡ್ತೀರಾ ಅಂತ ಕೇಳೋಕೆ. ಚಪ್ಪಲಿ ಬಿಡೋದನ್ನೂ ಮರೆತಿದ್ರಿ. ನನ್ನ ಕಂಡು ಹೆದರಿಕೆ ಅಂತ ತಿಳಿದು ಒಳಗೊಳಗೇ ಖುಷಿಪಟ್ಟೆ. ಏನಾಯ್ತಪ್ಪಾ ಅಂದ್ರೆ, ಬರೋ ಆತುರದಲ್ಲಿ ಕಲ್ಲಿನ ಪೆಟ್ಟಿಗೆ ಕೈತಪ್ಪಿ ಬಿತ್ತು, ಎಲ್ಲಾ ಸರಿಯಾಗಿ ಜೋಡಿಸಿಟ್ಟು ಬಂದೆ ಅಂದ್ರಿ."

ಆಗ ನೆನಪಾಯಿತು. ಉಗ್ರಾಣದ ಸಿಮೆಂಟು ನೆಲ, ಗಡಿಯಾರ, ಚೆಲ್ಲಾಪಿಲ್ಲಿಯಾದ ತುಂಡುಗಳು. ಮಂಡಿಯೂರಿ ಒಂದೊಂದನ್ನೇ ಎತ್ತಿ, ಮುರಿದ ಬಾಯಿಗೆ ಮುರಿದ ಬಾಯಿ ಕೂರಿಸಿ ನೋಡಿದ್ದೆ. ಎಲ್ಲವೂ ಒಂದಕ್ಕೊಂದು ಸರಿಯಾಗಿ ಕೂತವು. ಅದಕ್ಕೇ ಸಂಶಯ ಬರಲಿಲ್ಲ. ತುಂಡಿಗೆ ತುಂಡು ಸರಿ. ಇಡೀ ಕೋಲು ತಿರುವುಮುರುವು. ತುದಿಗಳೆರಡೂ ಪುಡಿಯಾಗಿದ್ದರಿಂದ ಹಿಂದಿನ ಪೆಟ್ಟಿಗೆಗೆ ತಾಳೆ ಹಾಕುವ ಹಾಗಿರಲಿಲ್ಲ. ಮೇಲೆ, ಕೆಳಗೆ ಎಂದು ಬರೆದು, ಸಹಿ ಹಾಕಿ ಓಡಿದ್ದೆ.

ಯಾರೋ ಅಲ್ಲ, ನಾನೇ.

"ನಾನು ಕೋಟು ಮಗುಚಿದ್ದೂ ಅದೇ ವಾರ," ಎಂದರು ಮಾವ. "ಆದ್ರೆ ನನಗೆ ಗೊತ್ತಿತ್ತು, ಮಗುಚ್ತಾ ಇದ್ದೀನಿ ಅಂತ."

ಸಂಜೆ ಹೆಂಡತಿ ಫೋನ್ ಮಾಡಿದಾಗ ಎಲ್ಲ ಹೇಳಿದೆ. ಬಹಳ ಹೊತ್ತು ನಕ್ಕಳು. "ಇಪ್ಪತ್ತೇಳು ವರ್ಷದಲ್ಲಿ ನೀವು ನನಗೋಸ್ಕರ ಆತುರಪಟ್ಟಿದ್ದು ಅದೊಂದೇ ಸಲ ಕಣ್ರೀ. ಅದೂ ಈಗ ಗೊತ್ತಾಗ್ತಿದೆ." ಆಮೇಲೆ ಕೇಳಿದಳು: "ಮಕ್ಕಳಿಗೆ ಹೇಳಿದ್ರಾ?"

ಫೆಬ್ರುವರಿ 17, ಸೋಮವಾರ

ಹೇಳಿದೆ.

ಅಳತೆ ಪುಸ್ತಕ, ಕೋಟು ಎರಡನ್ನೂ ತೆಗೆದುಕೊಂಡು ಹೋಗಿದ್ದೆ. ಹೇಳಲು ಎರಡೇ ನಿಮಿಷ ಸಾಕಾಯಿತು. ನನ್ನ ಧ್ವನಿ ಯಾವುದೋ ವರದಿ ಓದುತ್ತಿರುವವನದ್ದಂತೆ ಕೇಳಿಸುತ್ತಿತ್ತು. ಪುಸ್ತಕದ ಹಾಗೆ ಬರೆಯಿರಿ ಎಂದದ್ದನ್ನು ಹಿಂದಕ್ಕೆ ತೆಗೆದುಕೊಂಡೆ. ಕಲ್ಲಿನಲ್ಲಿ ಕಂಡದ್ದನ್ನು ಬರೆಯಿರಿ, ಆದರೆ ಪರೀಕ್ಷಕರು ಪುಸ್ತಕದ ಉತ್ತರಕ್ಕೇ ಅಂಕ ಕೊಟ್ಟರೆ ಫೇಲಾಗಬಹುದು, ಅದು ನಿಮಗೆ ಗೊತ್ತಿರಲಿ ಎಂದೆ.

ಆಮೇಲೆ ಹಿಂದಿನಿಂದ ಒಬ್ಬಳು: "ಸಾರ್, ಹುಡುಗಿ ಮನೆಗೆ ಹೋಗೋ ಆತುರದಲ್ಲಿ ಬೀಳಿಸಿದ್ರಾ?"

ಹೌದು, ಎಂದೆ.

ಕೋಣೆ ಸಿಡಿಯಿತು. ನಗು ನಿಲ್ಲಿಸಲು ಪಕ್ಕದ ತರಗತಿಯ ಗಣಿತದ ಮೇಷ್ಟ್ರು ಬರಬೇಕಾಯಿತು. 'ಆದ್ರೆ' ಮಾತ್ರ ನಗದೆ ಕೋಟಿನ ತೋಳನ್ನು ಮಗುಚಿ, ಆ ಕೆಂಪು ಕಲೆಯನ್ನು ಒದ್ದೆ ಬೆರಳಿನಿಂದ ಒತ್ತಿ, ಪೆಟ್ಟಿಗೆಯ ಕೆಂಪು ಕಲ್ಲಿನ ಪಕ್ಕ ಹಿಡಿದು ನೋಡಿದಳು.

"ಅದೇ ಬಣ್ಣ," ಎಂದಳು. "ಕಲೆ ಹಳೇ ಹೊರಮೈ ಮೇಲಿದೆ. ಹಾಗಾದ್ರೆ ಕೋಟು ಮಗುಚೋಕೆ ಮುಂಚೆ. ಸಾರ್ ಹೇಳ್ತಿರೋದು ಸರಿ."

ಅವಳ ಕಡೆಯಿಂದ ನನಗೆ ಸಿಕ್ಕ ಮೊದಲ ಪಾಸು.

ಉಳಿದ ವಾರವೆಲ್ಲ ಹೊಸ ಪಟ್ಟಿ. ಹನ್ನೊಂದು ಜನ ಸೇರಿ, ತುಂಡು ತುಂಡಾಗಿ ತಿರುಗಿಸಿಟ್ಟು, ಸೆಂಟಿಮೀಟರ್ ಸೆಂಟಿಮೀಟರ್ ಅಳೆದು ಬರೆಯುತ್ತಾರೆ. ಈಗ ಕಥೆ ಬೇರೆ. ಮೊದಲು ಕೆಸರು. ಅದು ಒಣಗಿ ಬಿರಿದು ಎಷ್ಟೋ ಕಾಲ ಹಾಗೇ ಬಿದ್ದಿತ್ತು. ಆಮೇಲೆ ನೀರು ಬಂತು, ಒಣಗಿದ ಕೆಸರಿನ ಚೂರುಗಳನ್ನು ಎತ್ತಿಕೊಂಡಿತು, ಬಿರುಕುಗಳಿಗೆ ಮರಳು ತುಂಬಿತು. ಇಲ್ಲಿ ನದಿ ಬತ್ತಿರಲಿಲ್ಲ. ಬಂದಿತ್ತು.

ಬಳಪದಿಂದ ಬಿಳಿಯಾದ ಕೈ ನೋಡಿಕೊಂಡು ಮನೆಗೆ ಬಂದೆ. ಮಾವ, "ಅಳಿಯಂದ್ರು ಸಿಳ್ಳೆ ಹಾಕ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ" ಎಂದರು. ನಾನು ಹಾಕುತ್ತಿರಲಿಲ್ಲ.

ಫೆಬ್ರುವರಿ 20, ಗುರುವಾರ

ಪ್ರೊಫೆಸರರಿಗೆ ಪತ್ರ ಬರೆದೆ. ಮೊದಲ ಸಲ ನಾಲ್ಕು ಪುಟವಾಯಿತು, ಅದರಲ್ಲಿ ಮೂರೂವರೆ ಪುಟ ನನ್ನ ಸಮರ್ಥನೆ. ಹರಿದೆ. ಕಡೆಗೆ ಕಳಿಸಿದ್ದು ಆರು ಸಾಲು. ತಪ್ಪು ನನ್ನದು, ಮಕ್ಕಳದ್ದಲ್ಲ, ದಯವಿಟ್ಟು ಕಲ್ಲನ್ನು ನೋಡಿ ಅಂಕ ಕೊಡಿ.

ಮಾರ್ಚ್ 3, ಸೋಮವಾರ

ಉತ್ತರ ಬಂದಿಲ್ಲ.

ಪ್ರಿನ್ಸಿಪಾಲರಿಗೆ ವಿಷಯ ತಿಳಿದಿದೆ. "ಒಂದು ವರ್ಷ ಸುಮ್ಮನಿದ್ದು, ಮುಂದಿನ ವರ್ಷ ಸರಿ ಮಾಡಬಹುದಿತ್ತಲ್ಲ ಸಾರ್?"

ಮುಂದಿನ ವರ್ಷ ಈ ಕೋಣೆಯಲ್ಲಿ ಝೆರಾಕ್ಸ್ ಮಷೀನಿದ್ದರೆ ಯಾರು ಸರಿ ಮಾಡುತ್ತಾರೆ ಎಂದೆ. ಹಾಗೆ ಹೇಳಬೇಕೆಂದಿರಲಿಲ್ಲ.

ಮಾರ್ಚ್ 6, ಗುರುವಾರ

ಪ್ರೊಫೆಸರ್ ಒಂಬತ್ತು ಗಂಟೆಗೇ ಬಂದರು. ಉದ್ದನೆಯ ಮನುಷ್ಯ, ಮೂಗಿನ ಮೇಲೊಂದು ಕನ್ನಡಕ, ಹಣೆಯ ಮೇಲೊಂದು. ಜೇಬಿನಿಂದ ನನ್ನ ಪತ್ರ ತೆಗೆದು ತೋರಿಸಿದರು. ಲಕೋಟೆ ಒಡೆದಿರಲಿಲ್ಲ.

"ಪರೀಕ್ಷೆಗೆ ಮುಂಚೆ ಮೇಷ್ಟ್ರ ಪತ್ರ ಬಂದ್ರೆ ನಾನು ಓದಲ್ಲ. ಎಲ್ಲಾ ಒಂದೇ ಥರ ಇರುತ್ತೆ, ಸ್ವಲ್ಪ ನೋಡಿ ಕೊಡಿ ಅಂತ."

ನನ್ನದೂ ಹಾಗೇ ಇತ್ತು ಎಂದು ಹೇಳಬೇಕೆನ್ನಿಸಿತು. ಆದರೆ ಕಾಲೇಜಿನ ಮೇಷ್ಟ್ರು ಪರೀಕ್ಷಾ ಕೋಣೆಯಲ್ಲಿ ಬಾಯಿ ತೆರೆಯಬಾರದು. ನಲ್ಲಿಯ ಪಕ್ಕದ ಸ್ಟೂಲಿನ ಮೇಲೆ ಕೂತೆ. ಗೋಡೆಯ ಪಟ್ಟಿಗೆ ಬಟ್ಟೆ ಮುಚ್ಚಿತ್ತು. ಕಲ್ಲನ್ನು ನಾವು ಸರಿಯಾಗಿ ತಿರುಗಿಸಿಟ್ಟಿದ್ದೆವಲ್ಲ, ಬೆಳಗ್ಗೆ ಮಕ್ಕಳೇ ಬಂದು ಮತ್ತೆ ಹಳೆಯ ಹಾಗೇ ಮಗುಚಿಟ್ಟಿದ್ದರು. "ಪರೀಕ್ಷಕರಿಗೂ ಅವಕಾಶ ಕೊಡಬೇಕಲ್ವಾ ಸಾರ್" ಎಂದಿದ್ದಳು 'ಆದ್ರೆ'.

ಮೊದಲ ಮೂವರು ಹೇಳಿದ್ದನ್ನು ಪ್ರೊಫೆಸರ್ ಮುಖದಲ್ಲಿ ಏನೂ ತೋರದೆ ಕೇಳಿ ಬರೆದುಕೊಂಡರು. ನಾಲ್ಕನೆಯವಳು 'ಆದ್ರೆ'. ಬಿರುಕು ತೋರಿಸಿದಳು, ಚೂರು ತೋರಿಸಿದಳು. ಇದು ತಲೆಕೆಳಗಾಗಿ ಇಟ್ಟಿರುವ ಕಲ್ಲು ಎಂದಳು.

"ಹೀಗೆ ಅಂತ ಯಾರು ಹೇಳಿಕೊಟ್ರು? ಇವರಾ?" ಎಂದು ನನ್ನ ಕಡೆ ಬೆರಳು.

"ಇಲ್ಲ ಸಾರ್. ಇವರು ಹೇಳಿಕೊಟ್ಟಿದ್ದು ಕೋಟು. ಇದು ನಮಗೇ ಕಂಡಿದ್ದು."

"ಏನು ಕೋಟು?"

ಅವಳು ಕೋಟಿನ ಕಥೆ ಹೇಳಿದಳು. ಪ್ರೊಫೆಸರ್ ಪೆನ್ನು ಕೆಳಗಿಟ್ಟರು. ಎದ್ದರು. ಸ್ಪಂಜಿನಿಂದ ಕಲ್ಲು ಒದ್ದೆ ಮಾಡಿದರು, ಎರಡೂ ಕನ್ನಡಕ ತೆಗೆದು ಪೆಟ್ಟಿಗೆಯೊಳಗೇ ಮುಖವಿಟ್ಟಂತೆ ನೋಡಿದರು. ನಲ್ಲಿ ತೊಟ್ಟಿಕ್ಕುತ್ತಿತ್ತು. ನಾನು ಹನಿ ಎಣಿಸಿದೆ. ನಲವತ್ತರ ನಂತರ ಲೆಕ್ಕ ತಪ್ಪಿತು.

"ಅಯ್ಯೋ," ಎಂದರು, ಕಲ್ಲಿಗೆ. "ಈ ಪುಸ್ತಕ ಆರು ಸಲ ಅಚ್ಚಾಗಿದೆ."

ಹತ್ತು ಜನ ಒಂದೇ ಮಾತು ಹೇಳಿದರು, ಹತ್ತು ರೀತಿಯಲ್ಲಿ. ಹನ್ನೊಂದನೆಯವನು ಪುಟದ ಹುಡುಗ. ಅವನು ನಲವತ್ತೊಂದನೇ ಪುಟವನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ಹೊಸ ಪಟ್ಟಿಗೆ ಅತಿ ಹೆಚ್ಚು ಅಳತೆ ತೆಗೆದವನು ಅವನೇ. ನನಗೆ ಸ್ಟೂಲು ಬಿಟ್ಟು ಏಳಬೇಕೆನ್ನಿಸಿತು.

"ಯಾಕಪ್ಪಾ? ನಿನಗೆ ಬಿರುಕು ಕಾಣಲಿಲ್ವಾ?"

"ಕಾಣ್ತು ಸಾರ್. ಆದರೆ ಬರೆದಿದ್ದು ನೀವು. ನಿಮ್ಮ ಎದುರಿಗೇ ಅಲ್ಲ ಅನ್ನೋದು ಹೇಗೆ? ಮರ್ಯಾದೆ ಇರಲ್ಲ."

ಪ್ರೊಫೆಸರ್ ನಕ್ಕ ಸದ್ದಿಗೆ ಪ್ರಿನ್ಸಿಪಾಲರು ಬಾಗಿಲಿಗೆ ಬಂದರು. "ಮೇಡಂ, ಇಪ್ಪತ್ತು ವರ್ಷದಲ್ಲಿ ನನ್ನ ಪುಸ್ತಕ ನಿಜವಾಗಿ ಓದಿದ ಹುಡುಗ ಇವನೊಬ್ಬನೇ. ಇವನನ್ನ ಹೇಗೆ ಫೇಲ್ ಮಾಡ್ಲಿ?" ಆಮೇಲೆ ಅವನ ಕಡೆ ತಿರುಗಿ, "ಈಗ ಪುಸ್ತಕ ಮರೆತು ಇನ್ನೊಂದು ಸಲ ಹೇಳು" ಎಂದರು. ಹೇಳಿದ. ಚೆನ್ನಾಗಿ ಹೇಳಿದ.

ಹನ್ನೊಂದಕ್ಕೆ ಹನ್ನೊಂದು.

ಎಲ್ಲ ಮುಗಿದ ಮೇಲೆ ಪ್ರೊಫೆಸರ್ ಲಕೋಟೆ ಒಡೆದು ಆರು ಸಾಲು ಓದಿದರು. "ಇದರಲ್ಲಿ ಹುಡುಗಿಯ ವಿಷಯ ಬರೆದೇ ಇಲ್ಲವಲ್ರೀ," ಎಂದರು. "ಅದೇ ಮುಖ್ಯ." ಯಾರೋ ಹೇಳಿಬಿಟ್ಟಿದ್ದರು.

ಮಾರ್ಚ್ 14, ಶುಕ್ರವಾರ

ಹೊಸ ಪದರಪಟ್ಟಿ ತಯಾರಾಯಿತು. ಕೆಳಗೆ ಹನ್ನೊಂದು ಸಹಿ, ಪಕ್ಕದಲ್ಲಿ ಪ್ರೊಫೆಸರರದ್ದು, ಕೊನೆಯಲ್ಲಿ ನನ್ನದು, ಚಿಕ್ಕದಾಗಿ. ಚೌಕಟ್ಟಿನ ಹಿಂದಿನ ಮೊಳೆ ತೆಗೆದು ಹಳೆಯ ಹಾಳೆ ಹೊರಗೆಳೆದೆ. ಕಸದ ಬುಟ್ಟಿಯ ಕಡೆ ಹೋಗುತ್ತಿದ್ದೆ.

"ಆದ್ರೆ ಸಾರ್, ಅದನ್ನ ಎಸೆದ್ರೆ ಇಲ್ಲಿ ಏನಾಯ್ತು ಅಂತ ಮುಂದೆ ಬರೋರಿಗೆ ಹೇಗೆ ಗೊತ್ತಾಗುತ್ತೆ?"

ಹಳೆಯದನ್ನು ಕೆಳಗಿಟ್ಟು ಅದರ ಮೇಲೆ ಹೊಸದನ್ನು ಇಟ್ಟೆವು. ಮೇಲಿನ ಹಾಳೆ ಎತ್ತಿದರೆ ಕೆಳಗಿನದು ಕಾಣುವಂತೆ ಮಾವ ಅಂಚಿಗೆ ದೂರದೂರದ ಹೊಲಿಗೆ ಹಾಕಿಕೊಟ್ಟರು. ಚೌಕಟ್ಟಿನಲ್ಲಿ ಗಾಜು ಕೂರಲಿಲ್ಲ, ಗಾಜಿಲ್ಲದೆಯೇ ತೂಗುಹಾಕಿದೆವು.

ಪ್ರಿನ್ಸಿಪಾಲರು ಕರೆದು, ಮುಂದಿನ ವರ್ಷಕ್ಕೆ ಇಪ್ಪತ್ತಾರು ಅರ್ಜಿ ಬಂದಿವೆ, ರಜೆ ಮುಗಿಸಿ ಬರುವ ಮೇಡಂ ಒಬ್ಬರಿಂದಲೇ ಆಗುವುದಿಲ್ಲ ಎಂದರು. ಝೆರಾಕ್ಸ್ ಮಷೀನನ್ನು ಎಲ್ಲಿಡುತ್ತೀರಿ ಎಂದು ಕೇಳಿದೆ. ಮೆಟ್ಟಿಲ ಮೇಲೆ ಎಂದರು.

ಸಂಜೆ ಹೆಂಡತಿ ಬಂದಳು. ಚೀಲ ಇಳಿಸುವ ಮೊದಲೇ ಕುರ್ಚಿಯ ಮೇಲಿನ ಕೋಟು ಕಣ್ಣಿಗೆ ಬಿತ್ತು.

"ಈ ಕೋಟನ್ನ ಇನ್ನೂ ಒಳಗಿಟ್ಟಿಲ್ವಾ?"

ಜೂನ್‌ನಲ್ಲಿ ಬೇಕು, ಎಂದೆ.

ಅವಳು ಅಪ್ಪನ ಮುಖ ನೋಡಿದಳು. ಮಾವ ಮಷೀನಿಗೆ ದಾರ ಪೋಣಿಸುವುದರಲ್ಲಿ ಮುಳುಗಿದ್ದರು.

"ಅರವತ್ತೇಳು ದಿನ ಮುಗಿದ್ರೆ ಸಾಕು ಅಂತಿದ್ರಿ?"

ಯಾವ ಅರವತ್ತೇಳು, ಎಂದು ಕೇಳಿದೆ. ನಿಜಕ್ಕೂ ತಿಳಿಯಲಿಲ್ಲ. ಈಗ ಬರೆಯಲು ಕೂತಾಗ ಈ ಪುಸ್ತಕದ ಮೊದಲ ಪುಟ ತೆಗೆದು ನೋಡಿದೆ. ಇದೆ, ನನ್ನದೇ ಅಕ್ಷರ. ಗೆರೆ ಎಳೆದು ಹೊಡೆದುಹಾಕೋಣವೆಂದು ಪೆನ್ನು ಎತ್ತಿದೆ.

ಬಿಟ್ಟೆ. ಕೆಳಗೇ ಇರಲಿ.